ಊರಿನ ಅಹವಾಲನ್ನು ಶಾಸಕರ ಮೂಲಕ ಸದನಕ್ಕೆ ಮುಟ್ಟಿಸುವುದು ಹೇಗೆ?

ಮಲೆನಾಡು ಮತ್ತು ಕರಾವಳಿಯ ಊರುಗಳಲ್ಲಿ ಮಳೆ ಹಿಡಿಯಿತೆಂದರೆ ಕಾಲುಸಂಕದ ಮಾತು ಏಳುತ್ತದೆ. ಅಡಿಕೆ ಮರದ ದಬ್ಬೆಗಳನ್ನೋ ಎರಡು ದಿಮ್ಮಿಗಳನ್ನೋ ಹಳ್ಳಕ್ಕೆ ಅಡ್ಡ ಹಾಕಿ, ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ತಂತಿ ಕಟ್ಟಿ, ಅದರ ಮೇಲೆಯೇ ಮಕ್ಕಳು ಶಾಲೆಗೆ ಹೋಗಿಬರುವ ಜಾಗಗಳು ಈಗಲೂ ಇವೆ. ಇಂಥ ಊರಿನವರು ಶಾಸಕರಿಗೆ ವಿಷಯ ತಿಳಿಸಿಲ್ಲವೆಂದಲ್ಲ. ಗಣೇಶೋತ್ಸವದ ವೇದಿಕೆಯ ಮೆಟ್ಟಿಲ ಬಳಿ, ಕ್ರೀಡಾಕೂಟದ ಬಹುಮಾನ ವಿತರಣೆಯ ಗದ್ದಲದಲ್ಲಿ, ಯಾರದೋ ಮನೆ ಮದುವೆಯ ಊಟದ ಪಂಕ್ತಿಯಲ್ಲಿ ಹೇಳಿರುತ್ತಾರೆ. ಶಾಸಕರೂ ‘ಆಯ್ತು, ಮಾಡೋಣ’ ಎಂದಿರುತ್ತಾರೆ. ಅವರು ಸುಳ್ಳು ಹೇಳಿದರೆಂದು ಭಾವಿಸಬೇಕಾಗಿಲ್ಲ. ಅದೇ ದಿನ ಅವರು ಇನ್ನೂ ಹತ್ತು ಕಡೆ ಅದೇ ಮಾತನ್ನು ಹೇಳಿರುತ್ತಾರೆ, ಮತ್ತು ಅದು ಯಾವ ಕಾಗದದ ಮೇಲೂ ಬಿದ್ದಿರುವುದಿಲ್ಲ. ಬಾಯಿಮಾತಿನ ಅಹವಾಲನ್ನು ಕಾಗದಕ್ಕೆ ಇಳಿಸಿ, ಆ ಕಾಗದವನ್ನು ತಾಲ್ಲೂಕಿನಿಂದ ವಿಧಾನಸೌಧದವರೆಗೆ ನಡೆಸುವ ದಾರಿಯನ್ನು ಕಾಲುಸಂಕದ ಉದಾಹರಣೆಯನ್ನೇ ಹಿಡಿದು ಇಲ್ಲಿ ವಿವರಿಸಲಾಗಿದೆ.

ಮೊದಲು: ಕೆಲಸ ಯಾರದು?

ಬೀದಿದೀಪ, ಚರಂಡಿ, ಕುಡಿಯುವ ನೀರಿನ ನಲ್ಲಿಯಂಥ ವಿಷಯಗಳು ಗ್ರಾಮ ಪಂಚಾಯಿತಿಯ ಹೊಣೆ; ಅವುಗಳಿಗಾಗಿ ಶಾಸಕರವರೆಗೆ ಹೋಗುವ ಮೊದಲು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಬೇಕು. ಹಳ್ಳಿಗಳ ನಡುವಿನ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು, ಜಿಲ್ಲಾ ಮುಖ್ಯ ರಸ್ತೆ ಮತ್ತು ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು, ರಾಷ್ಟ್ರೀಯ ಹೆದ್ದಾರಿ ಕೇಂದ್ರ ಸರ್ಕಾರದ್ದಾದ್ದರಿಂದ ಅದಕ್ಕೆ ಸಂಸದರನ್ನು ಹಿಡಿಯುವುದು ಸರಿ. ನಮ್ಮ ಹಳ್ಳದ ದಾರಿ ಯಾವ ಲೆಕ್ಕಕ್ಕೆ ಸೇರಿದೆ ಎಂಬುದನ್ನು ಪಂಚಾಯಿತಿಯಲ್ಲಿ ವಿಚಾರಿಸಿ ತಿಳಿಯಿರಿ. ಸಂಕದ ಎರಡೂ ಬದಿಯ ಜಾಗ ಸರ್ಕಾರದ್ದೋ, ಖಾಸಗಿಯೋ, ಅರಣ್ಯವೋ ಎಂಬುದನ್ನೂ ಪಹಣಿ ತೆಗೆದು ನೋಡಿಕೊಳ್ಳಬೇಕು. ಅರಣ್ಯ ಇಲಾಖೆಯ ಒಪ್ಪಿಗೆ ಬೇಕಾದ ಜಾಗವಾಗಿದ್ದರೆ ಅದು ಮೊದಲೇ ಗೊತ್ತಿರುವುದು ಒಳ್ಳೆಯದು, ಏಕೆಂದರೆ ಮಂಜೂರಾದ ಮೇಲೂ ಕೆಲಸ ನಿಂತುಹೋಗಲು ಇದು ಸಾಮಾನ್ಯವಾದ ಕಾರಣ.

ಮನವಿ ಪತ್ರಕ್ಕೆ ಬಲ ಬರುವುದು ಗ್ರಾಮಸಭೆಯ ನಡಾವಳಿಯಿಂದ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಅಲ್ಲಿ ಕಾಲುಸಂಕದ ಬೇಡಿಕೆಯನ್ನು ಎತ್ತಿ, ಅದು ನಡಾವಳಿ ಪುಸ್ತಕದಲ್ಲಿ ಬರೆಯಲ್ಪಟ್ಟಿತೇ ಎಂದು ಖಚಿತಪಡಿಸಿಕೊಂಡು, ಅದರ ದೃಢೀಕೃತ ಪ್ರತಿಯನ್ನು ಪಡೆಯಿರಿ. ಒಬ್ಬರ ಕೋರಿಕೆಗೂ ಊರಿನ ಠರಾವಿಗೂ ಅಧಿಕಾರಿಗಳ ಕಣ್ಣಿನಲ್ಲಿ ಬಹಳ ವ್ಯತ್ಯಾಸವಿದೆ.

ಮನವಿ ಪತ್ರ ಒಂದು ಪುಟ ಮೀರಬಾರದು

ನಮ್ಮ ಮನವಿಗಳಲ್ಲಿ ಹೆಚ್ಚಿನವು ‘ಅಭಿವೃದ್ಧಿಯ ಹರಿಕಾರರೂ ಬಡವರ ಬಂಧುಗಳೂ ಆದ’ ಎಂದು ಶುರುವಾಗಿ, ಅರ್ಧ ಪುಟ ಕಳೆದ ಮೇಲೆ ವಿಷಯಕ್ಕೆ ಬರುತ್ತವೆ. ಆಮೇಲೆ ಅದೇ ಕಾಗದದಲ್ಲಿ ಸಂಕ, ಸಮುದಾಯ ಭವನ, ದೇವಸ್ಥಾನದ ಜೀರ್ಣೋದ್ಧಾರ, ಬಸ್ಸಿನ ಸೌಕರ್ಯ ಎಲ್ಲವನ್ನೂ ತುಂಬುತ್ತೇವೆ. ಹೀಗೆ ಬರೆದ ಪತ್ರ ಯಾವ ಇಲಾಖೆಗೆ ಹೋಗಬೇಕೆಂಬುದೇ ಶಾಸಕರ ಆಪ್ತ ಸಹಾಯಕರಿಗೆ ತಿಳಿಯುವುದಿಲ್ಲ. ಒಂದು ಪತ್ರಕ್ಕೆ ಒಂದೇ ವಿಷಯ ಎಂಬ ನಿಯಮವನ್ನು ಇಟ್ಟುಕೊಳ್ಳಿ. ‘ಮಾನ್ಯ ಶಾಸಕರಿಗೆ’ ಎಂಬ ಒಕ್ಕಣೆಯ ನಂತರ ನೇರವಾಗಿ ಸ್ಥಳದ ಹೆಸರು, ಸರ್ವೆ ನಂಬರು, ಹಳ್ಳದ ಅಗಲ, ಆ ದಾರಿಯನ್ನು ಬಳಸುವ ಮನೆಗಳು ಮತ್ತು ಶಾಲಾ ಮಕ್ಕಳ ಸಂಖ್ಯೆ, ಸಂಕ ಮುಳುಗಿದಾಗ ಸುತ್ತುಬಳಸಿ ಹೋಗಬೇಕಾದ ದೂರ, ಇವಿಷ್ಟನ್ನು ಬರೆದರೆ ಸಾಕು. ಮಳೆಗಾಲದಲ್ಲಿ ತೆಗೆದ ಎರಡು ಫೋಟೊ, ಗ್ರಾಮಸಭೆಯ ನಡಾವಳಿ ಮತ್ತು ಶಾಲೆಯ ಮುಖ್ಯೋಪಾಧ್ಯಾಯರ ಪತ್ರವನ್ನು ಲಗತ್ತಿಸಿ. ಬೇಸಿಗೆಯಲ್ಲಿ ತೆಗೆದ ಒಣ ಹಳ್ಳದ ಚಿತ್ರ ಯಾರನ್ನೂ ಒಪ್ಪಿಸುವುದಿಲ್ಲ. ಆದ್ದರಿಂದ ಜುಲೈಯಲ್ಲೇ ಚಿತ್ರ ತೆಗೆದಿಡುವ ಜಾಣತನ ಬೇಕು.

ಜನಸಂಪರ್ಕ ಸಭೆಯಲ್ಲಿ

ಶಾಸಕರ ಸಮಾರಂಭಗಳಲ್ಲಿ ಎರಡು ಬಗೆ. ಉದ್ಘಾಟನೆ, ಗುದ್ದಲಿ ಪೂಜೆ, ಸನ್ಮಾನ, ಜಾತ್ರೆಗಳಲ್ಲಿ ಅವರು ಅತಿಥಿ. ಜನಸಂಪರ್ಕ ಸಭೆಯಲ್ಲಿ ಹಾಗಲ್ಲ. ಅಲ್ಲಿ ಅವರ ಅಕ್ಕಪಕ್ಕದಲ್ಲಿ ತಹಶೀಲ್ದಾರರು, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ ಮತ್ತು ಇಲಾಖೆಗಳ ಎಂಜಿನಿಯರುಗಳು ಕುಳಿತಿರುತ್ತಾರೆ. ಮೊದಲನೆಯದರಲ್ಲಿ ನಮಸ್ಕಾರ ಮಾತ್ರ ಮಾಡಿ, ಮನವಿಯನ್ನು ಎರಡನೆಯದಕ್ಕೆ ಉಳಿಸಿಕೊಳ್ಳಿ. ವೇದಿಕೆಯಲ್ಲಿ ಹಾರದ ಜೊತೆಗೆ ಕೊಟ್ಟ ಕಾಗದ ಹಾರದ ಜೊತೆಗೇ ಕಾರಿನ ಹಿಂದಿನ ಸೀಟು ಸೇರುತ್ತದೆ.

ಸಭೆಗೆ ಐವತ್ತು ಜನ ಹೋಗಿ ಗುಂಪಾಗಿ ಕೂಗುವುದಕ್ಕಿಂತ ಮೂವರು ಹೋಗಿ, ಅವರಲ್ಲಿ ಸಂಕ ದಾಟುವ ಮಗುವಿನ ತಾಯಿಯೊಬ್ಬರು ಮಾತನಾಡಿದರೆ ಪರಿಣಾಮ ಹೆಚ್ಚು. ಮನವಿಯ ಮೂರು ಪ್ರತಿಗಳಿರಲಿ: ಒಂದು ಶಾಸಕರಿಗೆ, ಒಂದು ಸಂಬಂಧಪಟ್ಟ ಎಂಜಿನಿಯರರಿಗೆ, ಒಂದು ನಿಮಗೆ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಮತ್ತು ಟಪಾಲಿನ ಸಂಖ್ಯೆ ಹಾಕಿಸಿಕೊಳ್ಳದೆ ಕದಲಬೇಡಿ. ಶಾಸಕರು ಮನವಿಯ ಅಂಚಿನಲ್ಲಿ ‘ಪರಿಶೀಲಿಸಿ ಅಂದಾಜು ಪಟ್ಟಿ ಸಲ್ಲಿಸಿ’ ಎಂದು ಎಂಜಿನಿಯರರಿಗೆ ಬರೆದು ಸಹಿ ಮಾಡಿದರೆ, ಆ ಒಂದು ಸಾಲು ಹತ್ತು ಭಾಷಣಕ್ಕೆ ಸಮ. ಸಭೆ ತಡವಾಗುವುದಿದ್ದರೆ 1902 ಸಂಖ್ಯೆಯ ಜನಸ್ಪಂದನ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಆ ನೋಂದಣಿ ಸಂಖ್ಯೆಯನ್ನೇ ಮನವಿಯಲ್ಲಿ ನಮೂದಿಸಬಹುದು.

ಜನಪ್ರತಿನಿಧಿಯ ಕೈಯಲ್ಲಿ ಊರಿನ ಅಹವಾಲು ಕಳಿಸುವುದು ನಮಗೆ ಹೊಸದೇನೂ ಅಲ್ಲ. 1881ರ ಅಕ್ಟೋಬರಿನಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ದಸರೆಯ ಸಂದರ್ಭದಲ್ಲೇ ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಕಾನೂನು ಮಾಡುವ ಅಧಿಕಾರ ಅದಕ್ಕಿರಲಿಲ್ಲ. ದೂರುದುಮ್ಮಾನಗಳನ್ನು ಸರ್ಕಾರದ ಮುಂದಿಡುವುದೇ ಅದರ ಮುಖ್ಯ ಕೆಲಸವಾಗಿತ್ತು. ಇಂದಿನ ಶಾಸಕರಿಗೆ ಎರಡೂ ಇವೆ. ನಾವು ಮಾತ್ರ ಅವರಿಂದ ಹಳೆಯದೊಂದನ್ನೇ ಕೇಳುತ್ತೇವೆ.

ಶಾಸಕರ ನಿಧಿ ಎಷ್ಟು, ಎಲ್ಲಿಗೆ?

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ 2001-02ರಲ್ಲಿ ಆರಂಭವಾಯಿತು. ಈಗ ಪ್ರತಿ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ನಿಗದಿಯಾಗಿದೆ. ಹಣ ಶಾಸಕರ ಕೈಗೆ ಬರುವುದಿಲ್ಲ. ಅವರು ಕಾಮಗಾರಿಯನ್ನು ಶಿಫಾರಸು ಮಾಡುತ್ತಾರೆ, ಜಿಲ್ಲಾಧಿಕಾರಿ ಮಂಜೂರು ಮಾಡಿ ಅನುಷ್ಠಾನ ಸಂಸ್ಥೆಗೆ ಒಪ್ಪಿಸುತ್ತಾರೆ. ಎರಡು ಕೋಟಿ ದೊಡ್ಡ ಮೊತ್ತದಂತೆ ಕೇಳಿಸಿದರೂ ಲೆಕ್ಕ ಹಾಕಿ ನೋಡಿ: 2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ರಾಜ್ಯದಲ್ಲಿ 5.3 ಕೋಟಿಗೂ ಹೆಚ್ಚು ಮತದಾರರಿದ್ದರು, ಕ್ಷೇತ್ರಗಳು 224. ಸರಾಸರಿ ಹಿಡಿದರೆ ತಲೆಗೆ ವರ್ಷಕ್ಕೆ ನೂರು ರೂಪಾಯಿಯೂ ಬೀಳುವುದಿಲ್ಲ. ಬಸ್ ತಂಗುದಾಣಗಳೇ ಈ ನಿಧಿಯಿಂದ ಹೆಚ್ಚಾಗಿ ಏಳುವುದು ಏಕೆಂಬುದಕ್ಕೆ ಈ ಲೆಕ್ಕ ಸ್ವಲ್ಪ ಮಟ್ಟಿಗೆ ಉತ್ತರ ಕೊಡುತ್ತದೆ. ತಂಗುದಾಣದ ಹಣೆಯ ಮೇಲೆ ಹೆಸರು ಬರೆಸಲು ಜಾಗವಿರುತ್ತದೆ ಎಂಬುದು ಉಳಿದ ಉತ್ತರ.

ಚಿಕ್ಕ ಕಾಲುಸಂಕ ಈ ನಿಧಿಯಲ್ಲೇ ಆಗಬಹುದು. ಹಳ್ಳ ಅಗಲವಾಗಿದ್ದರೆ ಇಲಾಖೆಯ ಯೋಜನೆಯೇ ಬೇಕು. ಲೋಕೋಪಯೋಗಿ ಇಲಾಖೆಯ ‘ಶಾಲಾ ಸಂಪರ್ಕ ಸೇತು’ ಯೋಜನೆ ಮಕ್ಕಳು ಹಳ್ಳ ದಾಟುವ ಇಂಥ ಜಾಗಗಳಿಗಾಗಿಯೇ ಬಂದದ್ದು. ಜೊತೆಗೆ ತಾಲ್ಲೂಕು ಮಟ್ಟದ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪರಿಶೀಲನಾ ಸಭೆಯ ಅಧ್ಯಕ್ಷತೆ ವಹಿಸುವವರು ಶಾಸಕರೇ. ನಿಮ್ಮ ವಿಷಯವನ್ನು ಅಲ್ಲಿ ಎತ್ತುವಂತೆ ಅವರನ್ನು ಕೋರಿ. ಒಮ್ಮೆ ಎತ್ತಿದರೆ ಮುಂದಿನ ಸಭೆಗೆ ಅಧಿಕಾರಿಗಳು ಏನು ಕ್ರಮವಾಯಿತೆಂಬ ಅನುಪಾಲನಾ ವರದಿ ತರಬೇಕಾಗುತ್ತದೆ. ಬಗರ್‌ಹುಕುಂ (ಅನುಮತಿಯಿಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡಿದ) ಸಾಗುವಳಿಯ ಸಕ್ರಮೀಕರಣ ಸಮಿತಿಗೂ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು; ಜಮೀನಿನ ಅರ್ಜಿಯವರು ಅದನ್ನು ನೆನಪಿಟ್ಟುಕೊಳ್ಳಬೇಕು.

ಸದನದ ಪ್ರಶ್ನೆ

ಇಲ್ಲಿಯವರೆಗಿನ ದಾರಿ ಅನೇಕರಿಗೆ ಗೊತ್ತು. ನನ್ನ ಅನುಭವದಲ್ಲಿ, ಮತದಾರರು ಕೇಳುವುದೇ ಇಲ್ಲದ ಒಂದು ಸೇವೆಯೆಂದರೆ ಸದನದಲ್ಲಿ ಪ್ರಶ್ನೆ. ‘ನಮ್ಮೂರಿಗೆ ರಸ್ತೆ ಮಾಡಿಸಿ’ ಎನ್ನುವವರು ಸಾವಿರ ಮಂದಿ. ‘ನಮ್ಮ ಪರವಾಗಿ ಈ ಪ್ರಶ್ನೆ ಕೇಳಿ’ ಎಂದು ಬರೆದುಕೊಟ್ಟವರು ಬೆರಳೆಣಿಕೆ.

ಪ್ರಶ್ನೆಗಳಲ್ಲಿ ಚುಕ್ಕೆ ಗುರುತಿನವು ಮತ್ತು ಚುಕ್ಕೆ ಗುರುತಿಲ್ಲದವು ಎಂದು ಎರಡು ವಿಧ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಲು ಅವಕಾಶವಿರುತ್ತದೆ. ಆದರೆ ಅದಕ್ಕೆ ಸ್ಪರ್ಧೆ ಹೆಚ್ಚು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಟಿವಿಯಲ್ಲಿ ಕಾಣಿಸದ ಈ ಎರಡನೆಯದೇ ಊರಿನ ಕೆಲಸಕ್ಕೆ ಹೆಚ್ಚು ಒದಗುತ್ತದೆ ಎಂಬುದು ನನ್ನ ಅಭಿಪ್ರಾಯ. ಪ್ರಶ್ನೆ ಸದನದಲ್ಲಿ ಸ್ವೀಕೃತವಾದೊಡನೆ ಅದು ಇಲಾಖೆಯ ಕಾರ್ಯದರ್ಶಿಯಿಂದ ಮುಖ್ಯ ಎಂಜಿನಿಯರರಿಗೂ ಅಲ್ಲಿಂದ ನಿಮ್ಮ ತಾಲ್ಲೂಕಿನ ಸಹಾಯಕ ಎಂಜಿನಿಯರರಿಗೂ ಇಳಿಯುತ್ತದೆ. ವರ್ಷಗಟ್ಟಲೆ ಬಾರದಿದ್ದ ಅಧಿಕಾರಿ ಅಳತೆಯ ಟೇಪು ಹಿಡಿದು ಹಳ್ಳದ ದಂಡೆಗೆ ಬರುವುದು ಆಗಲೇ. ತಪ್ಪು ಉತ್ತರ ಕೊಟ್ಟರೆ ಸಚಿವರು ಸದನಕ್ಕೆ ತಪ್ಪು ಮಾಹಿತಿ ನೀಡಿದಂತಾಗುವುದರಿಂದ ಉತ್ತರ ಬರೆಯುವವರು ಎಚ್ಚರದಿಂದಿರುತ್ತಾರೆ.

ಪ್ರಶ್ನೆಯ ಕರಡನ್ನು ನೀವೇ ಬರೆದುಕೊಡಿ. ಅದರಲ್ಲಿ ವಾದ, ಆಕ್ಷೇಪ, ವ್ಯಂಗ್ಯ ಇರಬಾರದು. ನ್ಯಾಯಾಲಯದ ಮುಂದಿರುವ ವಿಷಯವನ್ನು ಕೇಳುವಂತಿಲ್ಲ. ‘ಮಕ್ಕಳ ಜೀವದ ಜೊತೆ ಆಟವಾಡುತ್ತಿರುವ ಸರ್ಕಾರ ಯಾವಾಗ ಎಚ್ಚೆತ್ತುಕೊಳ್ಳುತ್ತದೆ?’ ಎಂಬುದು ಪ್ರಶ್ನೆಯಲ್ಲ, ಪ್ರತಿಭಟನೆಯ ಘೋಷಣೆ. ಅದರ ಬದಲು ಹೀಗೆ ಬರೆಯಬಹುದು: ‘(ಅ) ಈ ತಾಲ್ಲೂಕಿನಲ್ಲಿ ಶಾಲಾ ಮಕ್ಕಳು ಬಳಸುವ, ಶಾಶ್ವತ ಸೇತುವೆಯಿಲ್ಲದ ಕಾಲುಸಂಕಗಳೆಷ್ಟು? (ಆ) ಅವುಗಳಲ್ಲಿ ಎಷ್ಟಕ್ಕೆ ಅಂದಾಜು ಪಟ್ಟಿ ಸಿದ್ಧವಾಗಿದೆ? (ಇ) ಇಂಥ ಗ್ರಾಮದ ಸಂಕದ ಪ್ರಸ್ತಾವನೆ ಯಾವ ಹಂತದಲ್ಲಿದೆ? (ಈ) ಕಾಮಗಾರಿಯನ್ನು ಯಾವ ಕಾಲಮಿತಿಯಲ್ಲಿ ಮುಗಿಸಲಾಗುವುದು?’ ಇಡೀ ತಾಲ್ಲೂಕಿನ ಸಂಖ್ಯೆಯನ್ನು ಕೇಳುವುದರಲ್ಲಿ ಒಂದು ಲಾಭವಿದೆ. ಒಂದೇ ಊರಿನ ಮಾತು ಎನಿಸಿದರೆ ಶಾಸಕರಿಗೆ ಉತ್ಸಾಹ ಕಡಿಮೆ. ಇಪ್ಪತ್ತು ಊರಿನ ಮಾತಾದರೆ ಅದು ಅವರದೇ ಸಾಧನೆಯಾಗುತ್ತದೆ.

ಪ್ರಶ್ನೆಯ ಸೂಚನೆಯನ್ನು ಶಾಸಕರು ಅಧಿವೇಶನಕ್ಕೆ ಸಾಕಷ್ಟು ಮೊದಲೇ ವಿಧಾನಸಭೆಯ ಸಚಿವಾಲಯಕ್ಕೆ ಸಲ್ಲಿಸಬೇಕಾಗುವುದರಿಂದ ನಿಮ್ಮ ಕರಡು ಅದಕ್ಕಿಂತಲೂ ಮೊದಲು ಅವರ ಕೈ ಸೇರಬೇಕು. ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದೆಂದು ಸಂವಿಧಾನದ 174ನೇ ವಿಧಿ ಹೇಳುತ್ತದೆ. ವಾಡಿಕೆಯಲ್ಲಿ ಬಜೆಟ್ ಅಧಿವೇಶನ, ಮಳೆಗಾಲದ ಅಧಿವೇಶನ ಮತ್ತು ಬೆಳಗಾವಿಯ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ನಡೆಯುತ್ತವೆ. ವರ್ಷಕ್ಕೆ ಕನಿಷ್ಠ 60 ದಿನ ಕಲಾಪ ನಡೆಯಬೇಕೆಂದು ನಮ್ಮ ವಿಧಾನಮಂಡಲವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿದ್ದರೂ ಹೆಚ್ಚಿನ ವರ್ಷಗಳಲ್ಲಿ ಆ ಸಂಖ್ಯೆ ಮುಟ್ಟಿಲ್ಲವಾದ್ದರಿಂದ, ಒಂದು ಅಧಿವೇಶನ ತಪ್ಪಿದರೆ ತಿಂಗಳುಗಟ್ಟಲೆ ಕಾಯಬೇಕಾದೀತು.

ಪ್ರಶ್ನೆಯಲ್ಲದೆ ಶೂನ್ಯವೇಳೆ (ತುರ್ತು ವಿಷಯ ಎತ್ತುವ ಅವಧಿ), ವಿಧಾನಸಭೆಯ 73ನೇ ನಿಯಮದ ಗಮನ ಸೆಳೆಯುವ ಸೂಚನೆ, 351ನೇ ನಿಯಮದಡಿಯ ಪ್ರಸ್ತಾಪಗಳೂ ಇವೆ. ಸಂಕ ಕೊಚ್ಚಿಹೋಗಿ ಸಂಪರ್ಕವೇ ಕಡಿದಿದ್ದರೆ ಇವು ಸೂಕ್ತ. ಸದಸ್ಯರೊಬ್ಬರ ಮೂಲಕ ಸದನಕ್ಕೆ ಅರ್ಜಿ ಸಲ್ಲಿಸುವ ಹಕ್ಕು ಸಾರ್ವಜನಿಕರಿಗೂ ಇದೆ. ವಿಧಾನಸಭೆಯ ಅರ್ಜಿಗಳ ಸಮಿತಿ ಅದನ್ನು ಪರಿಶೀಲಿಸುತ್ತದೆ.

ನಿಮ್ಮ ಶಾಸಕರು ಸಚಿವರೂ ಆಗಿದ್ದರೆ? ಸಚಿವರು ಉತ್ತರಿಸುವವರೇ ಹೊರತು ಕೇಳುವವರಲ್ಲ. ಆಗ ವಿಧಾನ ಪರಿಷತ್ತಿನ ಕಡೆ ತಿರುಗಿ. ಅಲ್ಲಿನ 75 ಸದಸ್ಯರಲ್ಲಿ 25 ಮಂದಿ ಸ್ಥಳೀಯ ಸಂಸ್ಥೆಗಳಿಂದ, ತಲಾ ಏಳು ಮಂದಿ ಪದವೀಧರರಿಂದ ಮತ್ತು ಶಿಕ್ಷಕರಿಂದ ಆಯ್ಕೆಯಾದವರು. ಶಾಲಾ ಮಕ್ಕಳ ದಾರಿಯ ವಿಷಯವನ್ನು ಶಿಕ್ಷಕರ ಕ್ಷೇತ್ರದ ಸದಸ್ಯರು ಕೇಳುವುದು ಅಸಹಜವೇನಲ್ಲ.

ಉತ್ತರ ಬಂದ ಮೇಲೆ

ಪ್ರಶ್ನೋತ್ತರಗಳನ್ನು ವಿಧಾನಸಭೆಯ ಜಾಲತಾಣದಲ್ಲಿ ಪ್ರಕಟಿಸಲಾಗುತ್ತದೆ. ಇಳಿಸಿಕೊಂಡು, ಮುದ್ರಿಸಿ, ಮನವಿಯ ಕಡತಕ್ಕೆ ಸೇರಿಸಿ. ‘ಪ್ರಸ್ತಾವನೆ ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದರೆ ಸೋತೆವೆಂದು ತಿಳಿಯಬೇಕಿಲ್ಲ. ಪ್ರಸ್ತಾವನೆ ಇದೆ ಎಂಬುದಾದರೂ ದಾಖಲಾಯಿತು. ಅದರ ಪ್ರತಿ ಮತ್ತು ಈಗಿನ ಸ್ಥಿತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ 150 ಪದಗಳೊಳಗೆ ಇರಬೇಕು. ಸಚಿವರು ಸದನದಲ್ಲಿ ‘ಈ ವರ್ಷವೇ ಕೈಗೆತ್ತಿಕೊಳ್ಳಲಾಗುವುದು’ ಎಂದು ಹೇಳಿದ್ದರೆ ಅದು ಭರವಸೆಯ ಲೆಕ್ಕಕ್ಕೆ ಸೇರುತ್ತದೆ, ಮತ್ತು ಸರ್ಕಾರದ ಭರವಸೆಗಳು ಈಡೇರಿದವೇ ಎಂದು ನೋಡಲು ಸದನದಲ್ಲಿ ಪ್ರತ್ಯೇಕ ಸಮಿತಿಯಿದೆ. ಆ ಸಾಲಿಗೆ ಕೆಂಪು ಗೆರೆ ಎಳೆದು ಶಾಸಕರಿಗೆ ಮತ್ತೊಂದು ಪತ್ರ ಬರೆಯಿರಿ.

ಮಂಜೂರಾತಿ ಬಂದಾಗ ಕ್ಯಾಲೆಂಡರಿನ ಮೇಲೊಂದು ಕಣ್ಣಿರಲಿ. ಚುನಾವಣಾ ನೀತಿ ಸಂಹಿತೆ ಜಾರಿಯಾದರೆ ಹೊಸ ಕೆಲಸ ಆರಂಭಿಸುವಂತಿಲ್ಲ. ಇನ್ನು ಗುದ್ದಲಿ ಪೂಜೆಯ ಆಹ್ವಾನ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬ ಶಿಷ್ಟಾಚಾರದ ಜಗಳ ಹಕ್ಕುಚ್ಯುತಿಯ (ಶಾಸಕರ ವಿಶೇಷ ಹಕ್ಕಿಗೆ ಭಂಗ ಬಂತೆಂಬ) ದೂರಿನವರೆಗೂ ಹೋಗಿರುವುದುಂಟು. ಸರ್ಕಾರಿ ಕಾರ್ಯಕ್ರಮವಾದ್ದರಿಂದ ಪತ್ರಿಕೆ ಅಚ್ಚು ಹಾಕಿಸುವ ಕೆಲಸವನ್ನು ಊರಿನವರು ಮೈಮೇಲೆ ಎಳೆದುಕೊಳ್ಳದೆ ಇಲಾಖೆಗೇ ಬಿಡುವುದು ಕ್ಷೇಮ. ಇಲಾಖೆಯವರು ಹೆಸರಿನ ಪಟ್ಟಿ ತಿದ್ದುತ್ತಿರುವಾಗ ನೀವು ಎಂಜಿನಿಯರರಿಂದ ಅಂದಾಜು ಪಟ್ಟಿಯ ಪ್ರತಿ ಪಡೆದು, ಸಂಕದ ಅಡಿಪಾಯದ ಆಳ, ಮಳೆಗಾಲದ ನೀರಿನ ಮಟ್ಟಕ್ಕಿಂತ ಎಷ್ಟು ಎತ್ತರದಲ್ಲಿ ಅದು ನಿಲ್ಲುತ್ತದೆ, ಎರಡೂ ಬದಿಗೆ ಕೈಹಿಡಿಯ ಕಂಬಿ ಇದೆಯೇ ಎಂಬುದನ್ನು ಓದಿ ನೋಡಿ. ನೀರಿನ ಮಟ್ಟದ ಅಂದಾಜು ತಪ್ಪಿದ್ದರೆ ಗುದ್ದಲಿ ಬೀಳುವ ಮೊದಲೇ, ಜುಲೈಯ ಆ ಎರಡು ಫೋಟೊಗಳ ಜೊತೆ, ಲಿಖಿತವಾಗಿ ತಿಳಿಸಬೇಕು.