ಬೆಕ್ಕು ಕೂಗಿದರೆ ಯಾವಾಗ ಏಳಬೇಕು, ಯಾವಾಗ ಸುಮ್ಮನಿರಬೇಕು

ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಅನ್ನುವುದು ಅಪರೂಪ. ಮರಿಯಾಗಿದ್ದಾಗ ತಾಯಿಯನ್ನು ಕರೆಯುತ್ತಿದ್ದ ಆ ಕೂಗನ್ನು ದೊಡ್ಡವಾದ ಮೇಲೆ ಹೆಚ್ಚಾಗಿ ಮನುಷ್ಯರ ಮುಂದೆಯೇ ತೆಗೆಯುತ್ತವೆ. ನೀವು ಯಾವ ಕೂಗಿಗೆ ಎದ್ದು ಹೋಗುತ್ತೀರೋ ಅದನ್ನೇ ರೂಢಿ ಮಾಡಿಕೊಳ್ಳುತ್ತವೆ.

ಮೊದಲು ಒಂದು ವಾರ ಬರೆದಿಡಿ: ಎಷ್ಟು ಹೊತ್ತಿಗೆ ಕೂಗಿತು, ಎಲ್ಲಿ ನಿಂತಿತ್ತು, ಬಾಲ ಹೇಗಿತ್ತು, ಏನು ಸಿಕ್ಕ ಮೇಲೆ ಸುಮ್ಮನಾಯಿತು. ಬಾಲ ನೆಟ್ಟಗೆ ಎತ್ತಿ, ಬಾಯಿ ಮುಚ್ಚಿಕೊಂಡೇ ‘ಪ್ರ್‌ರ್’ ಅಂದರೆ ಅದು ಸಲುಗೆಯ ಮಾತು. ನೀವೂ ಮೆಲ್ಲಗೆ ಮಾತಾಡಿಸಿ. ಹಿತ್ತಿಲ ಅಳಿಲನ್ನು ನೋಡಿ ಹಲ್ಲು ಕಟಕಟಿಸಿದರೆ ಬೇಟೆಯ ಹುರುಪು, ಬಿಟ್ಟುಬಿಡಿ. ಕಿವಿ ಚಪ್ಪಟೆಯಾಗಿ ಬುಸ್ ಅಂದರೆ ಹೆದರಿದೆ, ಎತ್ತಿಕೊಳ್ಳಬೇಡಿ. ವಿಜಯದಶಮಿಯಂದು 21 ಕುಶಾಲತೋಪು ಹಾರುವಾಗ ಮೈಸೂರು ಅರಮನೆಯ ಆಸುಪಾಸಿನ ಮನೆಗಳಲ್ಲಿ ಬೆಕ್ಕು ಮಂಚದಡಿ ಸೇರಿಕೊಂಡರೆ, ನೀರಿಟ್ಟು ಬನ್ನಿ. ತಾನಾಗಿ ಬರುತ್ತದೆ.

ಜನ ಹೆಚ್ಚು ಬೇಸತ್ತುಕೊಳ್ಳುವುದು ಬೆಳಗಿನ ಜಾವದ ಕೂಗಿಗೆ. ಯಾರೋ ಒಂದು ದಿನ ಎದ್ದು ಹಾಲು ಹಾಕಿರುತ್ತಾರೆ, ಅಲ್ಲಿಂದ ಶುರು. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ದಾರ ಎಳೆದು ಓಡಾಡಿಸಿ, ದಾರ ನುಂಗದಂತೆ ಎತ್ತಿಟ್ಟು, ಆಮೇಲೆ ಊಟ ಕೊಡಿ. ಬೆಳಗಿನ ಊಟ ಅಲಾರಂ ಹೊಡೆದ ಮೇಲೆಯೇ. ಮೊದಲ ಕೆಲವು ದಿನ ಕೂಗು ಇನ್ನೂ ಜೋರಾಗುತ್ತದೆ. ಆಗ ಮನಸ್ಸು ಕರಗಿ ಎದ್ದಿರೋ, ಇನ್ನೂ ಜಾಸ್ತಿ ಕೂಗಿದರೆ ಸಿಗುತ್ತದೆ ಎಂದು ಕಲಿಸಿದಂತೆ. ಮನೆಮಂದಿಯೆಲ್ಲ ಒಂದೇ ಪಟ್ಟು ಹಿಡಿಯಬೇಕು.

ಬರೀ ಹಾಲು-ಅನ್ನ ತಿನ್ನುವ ಬೆಕ್ಕು ಕೂಗುವುದರಲ್ಲಿ ನ್ಯಾಯವಿದೆ. ಅದಕ್ಕೆ ಬೇಕಾದ ಟೌರಿನ್ ಎಂಬ ಪೋಷಕಾಂಶ ಅನ್ನದಲ್ಲಿ ಇಲ್ಲ. ಮೀನು, ಕೋಳಿ ಅಥವಾ ಬೆಕ್ಕಿನ ಸಿದ್ಧ ಆಹಾರ ಬೇಕು. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗದೆ ಭೇದಿಯಾಗುತ್ತದೆ.

ಹೆಣ್ಣು ಬೆಕ್ಕು ನೆಲದಲ್ಲಿ ಹೊರಳಾಡುತ್ತ ದಿನಗಟ್ಟಲೆ ಅರಚಿದರೆ ಬೆದೆಗೆ ಬಂದಿದೆ. ಇದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಪರಿಹಾರ, ಐದಾರು ತಿಂಗಳಿಗೇ ಮಾಡಿಸಬಹುದು. ಹತ್ತು ವರ್ಷ ದಾಟಿದ್ದು ರಾತ್ರಿ ಹೊಸದಾಗಿ ಕೂಗತೊಡಗಿದರೆ ಥೈರಾಯ್ಡ್, ಮೂತ್ರಪಿಂಡ, ರಕ್ತದೊತ್ತಡ ನೋಡಿಸಿ.

ಗೊರಗೊರ ಸದ್ದನ್ನು ಸಂತೋಷ ಎಂದಷ್ಟೇ ತಿಳಿಯಬೇಡಿ, ನೋವಲ್ಲೂ ಬೆಕ್ಕು ಗೊರಗುಟ್ಟುತ್ತದೆ. ಮುದುಡಿ ಕೂತು, ಊಟ ಬಿಟ್ಟು ಗೊರಗುಟ್ಟಿದರೆ ಪಶುವೈದ್ಯರಿಗೆ ತೋರಿಸಿ. ಎಲ್ಲಕ್ಕಿಂತ ತುರ್ತಿನದು ಇದು: ಗಂಡು ಬೆಕ್ಕು ಮತ್ತೆಮತ್ತೆ ಉಚ್ಚೆಗೆ ಕೂತು, ಮುಕ್ಕರಿದು ಕೂಗುತ್ತದೆ, ಹನಿಯಷ್ಟೂ ಬರುವುದಿಲ್ಲ. ಮೂತ್ರನಾಳ ಕಟ್ಟಿದೆ, ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಬೆಳಗಾಗಲಿ ಎನ್ನದೆ ಆಗಲೇ ಕರೆದೊಯ್ಯಿರಿ. ನೋವಿಗೆಂದು ಪ್ಯಾರಸಿಟಮಾಲ್ ಚೂರನ್ನೂ ಕೊಡಬೇಡಿ, ಬೆಕ್ಕಿಗೆ ಅದು ವಿಷ.