ಡೆಮೊ ಬಿಡಿ, ನಿಮ್ಮ ಬಿಲ್ಲು ಹಾಕಿ ನೋಡಿ

ದಾವಣಗೆರೆಯಲ್ಲಿ ಮೂರ್ನಾಲ್ಕು ಹಾರ್ಡ್‌ವೇರ್ ಅಂಗಡಿಗಳ ಲೆಕ್ಕ ಬರೆಯುವವಳು ನಾನು. ಬಿಲ್ಲು, ಲೆಕ್ಕಕ್ಕೆ ಯಾವ ಸಾಫ್ಟ್‌ವೇರ್ ತಗೊಳ್ಳಲಿ ಅಂತ ಕೇಳಿದವರಿಗೆ ಹೆಸರು ಹೇಳುವುದಿಲ್ಲ. ಹೋದ ವರ್ಷದ ಬಿಲ್ ಫೈಲು ತೆಗೀರಿ ಅನ್ನುತ್ತೇನೆ. ತಲೆ ತಿಂದ ಬಿಲ್ಲುಗಳನ್ನು ಆರಿಸಿ, ಟ್ರಯಲ್ ಇರುವಾಗಲೇ ಅವನ್ನು ಹಾಕಿ ನೋಡಿ. ಮಾರುವವರ ಡೆಮೊದಲ್ಲಿ ಸರಕು ಯಾವತ್ತೂ ವಾಪಸ್ ಬರುವುದಿಲ್ಲ, ಗಿರಾಕಿ ಯಾವತ್ತೂ ಬಾಕಿ ಇಡುವುದಿಲ್ಲ!

ನಾನು ಮೊದಲು ಹಾಕುವುದು ಸಿಮೆಂಟು. 2025ರ ಸೆಪ್ಟೆಂಬರ್ 22ರಿಂದ ಅದರ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತಲ್ಲ. ಸೆಪ್ಟೆಂಬರ್ 20ರ ತಾರೀಖಿಗೆ 50 ಮೂಟೆಯ ಬಿಲ್ ಮಾಡಿ. ಅಕ್ಟೋಬರ್‌ನಲ್ಲಿ 5 ಮೂಟೆ ವಾಪಸ್ ಬಂತು ಅಂತ ಕ್ರೆಡಿಟ್ ನೋಟ್ (ವಾಪಸ್ ಬಂದ ಸರಕಿನ ಹಣ ಕಳೆಯುವ ಚೀಟಿ) ಮಾಡಿ. ಅದರಲ್ಲಿ ಹಳೇ ಬಿಲ್ಲಿನ ನಂಬರು, ಹಳೇ 28ರ ದರ ಎರಡೂ ಬರಬೇಕು. ಸುಮ್ನೆ 18 ಹಾಕಿಕೊಂಡರೆ ಆ ಸಾಫ್ಟ್‌ವೇರ್ ಬೇಡ. ಸ್ಟಾಕಿಗೆ 5 ಮೂಟೆ ಸೇರಿತಾ, ಗಿರಾಕಿಯ ಬಾಕಿ ಇಳಿಯಿತಾ, ಅದನ್ನೂ ನೋಡಿ.

ಆಮೇಲೆ ಕಬ್ಬಿಣ. ಬರುವುದು ಟನ್ನಿನಲ್ಲಿ, ಹೋಗುವುದು ಕೆಜಿಯಲ್ಲೋ ಕಂಬಿ ಲೆಕ್ಕದಲ್ಲೋ. 12 ಎಂಎಂ ಕಂಬಿ ಮೀಟರಿಗೆ ಸುಮಾರು 0.888 ಕೆಜಿ. 12 ಮೀಟರಿನ ಹತ್ತು ಕಂಬಿ ಮಾರಿದರೆ ಸ್ಟಾಕಿನಲ್ಲಿ ನೂರಾಆರೂವರೆ ಕೆಜಿ ತಾನಾಗಿ ಕಡಿಮೆಯಾಗಬೇಕು. ಕ್ಯಾಲ್ಕ್ಯುಲೇಟರ್ ಹಿಡಿಯುವ ಕೆಲಸ ಉಳಿದರೆ ಸಾಫ್ಟ್‌ವೇರ್ ಯಾಕೆ, ಅಲ್ವಾ?

ಉದ್ರಿಯನ್ನು ಮರೆಯಬೇಡಿ. ಮೇಸ್ತ್ರಿ ಮೂರು ಬಿಲ್ಲಿಗೆ ಸೇರಿಸಿ 20,000 ಕೊಟ್ಟು ಹೋದರೆ, ಯಾವ ಬಿಲ್ಲಿಗೆ ಎಷ್ಟು ಜಮಾ ಆಯಿತು ಅಂತ ಕಾಣಬೇಕು.

ತಿಂಗಳ 14ಕ್ಕೆ ಬರುವ ಜಿಎಸ್‌ಟಿಆರ್-2ಬಿ, ಅಂದರೆ ನಿಮಗೆ ಸರಕು ಮಾರಿದವರು ಜಿಎಸ್‌ಟಿಗೆ ತೋರಿಸಿದ ಬಿಲ್ಲುಗಳ ಪಟ್ಟಿ, ಇಳಿಸಿ ಖರೀದಿ ಬಿಲ್ಲುಗಳ ಜೊತೆ ತಾಳೆ ಹಾಕಿಸಿ. ವಹಿವಾಟು 5 ಕೋಟಿ ದಾಟಿದ್ದರೆ ಇ-ಇನ್‌ವಾಯ್ಸ್‌ಗೆ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್ಲು) ಬೇರೆ ಹಣವೋ ಕೇಳಿ. ತಿದ್ದಿದ್ದು, ಅಳಿಸಿದ್ದು ದಾಖಲಾಗುವ ಎಡಿಟ್ ಲಾಗ್ 2023ರ ಏಪ್ರಿಲ್‌ನಿಂದ ಕಂಪನಿಗಳಿಗೆ ಕಡ್ಡಾಯ. ನಿಮ್ಮದು ಒಬ್ಬರದೇ ಅಂಗಡಿಯಾದರೂ ಇರಲಿ. ರಾತ್ರಿ ಗಲ್ಲಾ ಕಡಿಮೆ ಬಿದ್ದಾಗ ಯಾವ ಬಿಲ್ ಯಾರು ಅಳಿಸಿದರು ಅಂತ ಹುಡುಕಲು ಬೇಕಾಗುತ್ತದೆ.

ದರ ಕೇಳುವಾಗ ಎರಡನೇ ವರ್ಷದ ದರ ಕೇಳಿ. ಮೊದಲ ವರ್ಷದ್ದು ಆಸೆ ತೋರಿಸುವ ದರ. ಇನ್ನೊಂದು ಕಂಪ್ಯೂಟರಿಗೆ ಎಷ್ಟು, ಹಣ ಕಟ್ಟುವುದು ನಿಲ್ಲಿಸಿದರೆ ಹಳೇ ಲೆಕ್ಕ ತೆರೆಯುತ್ತದಾ ಅಂತಲೂ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ.

ಕೊನೆಗೆ ಎಲ್ಲ ಲೆಡ್ಜರುಗಳನ್ನು ಎಕ್ಸೆಲ್‌ಗೆ ಇಳಿಸಿ ನಿಮ್ಮ ಸಿಎಗೆ ಕಳಿಸಿ. ಅವರು ತೆರೆದು ನೋಡಿ ಹ್ಞೂಂ ಅಂದ ಮೇಲೆ ದುಡ್ಡು ಕಟ್ಟಿ.