ಗೋಡೆ ಪತ್ರಿಕೆ: ಮಕ್ಕಳು ಬರೆದದ್ದನ್ನು ನಾಲ್ಕು ಜನ ಓದಲಿ

ಕೊಪ್ಪಳದ ಗವಿಮಠದ ಗುಡ್ಡದಲ್ಲಿ ಬಂಡೆ ಮೇಲೆ ಅಶೋಕನ ಶಾಸನವಿದೆ. 2,200 ವರ್ಷಕ್ಕೂ ಹಳೆಯದು. ಹೇಳಬೇಕಾದ್ದು ಜನರಿಗೆ ತಿಳಿಯಲಿ ಅಂತ ಕೆತ್ತಿಸಿದ್ದು. ಐದನೇ ತರಗತಿ ಮಕ್ಕಳಿಗೆ ಗೋಡೆ ಪತ್ರಿಕೆ ಅಂದ್ರೆ ಏನು ಎಂದು ಹೇಳುವಾಗ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಓದುವವರು ಟೀಚರ್ ಒಬ್ಬರೇ. ಅದನ್ನೇ ಹಾಳೆಗಿಳಿಸಿ ಶಾಲೆಯ ಗೋಡೆಗೆ ಅಂಟಿಸಿದರೆ ಅದೇ ಗೋಡೆ ಪತ್ರಿಕೆ; ಆಗ ಗೆಳೆಯರು, ಬಿಸಿಯೂಟದ ಅಕ್ಕ, ಶಾಲೆಗೆ ಬಂದ ಅವ್ವ-ಅಪ್ಪ ಎಲ್ಲರೂ ಓದುತ್ತಾರೆ.

ಮೊದಲು ಜಾಗ ನೋಡಿ. ಮಳೆ ನೀರು ಬೀಳದ ವರಾಂಡಾ ಸಾಕು. ಹಾಳೆ ಮಕ್ಕಳ ಕಣ್ಣಿನ ಎತ್ತರಕ್ಕಿರಲಿ, ನಮ್ಮ ಎತ್ತರಕ್ಕಲ್ಲ. ಎರಡು ಚಾರ್ಟ್ ಹಾಳೆ, ಮೈದಾ ಅಂಟು, ಸ್ಕೆಚ್ ಪೆನ್ ಇದ್ದರೆ ಆಯಿತು.

ಪತ್ರಿಕೆ ಹೊರತರಲು ನಾಲ್ಕೈದು ಮಕ್ಕಳ ಒಂದು ಗುಂಪು ಮಾಡಿ. ಹದಿನೈದು ದಿನಕ್ಕೊಮ್ಮೆ ಗುಂಪು ಬದಲಾಗಲಿ. ಚೆನ್ನಾಗಿ ಬರೆಯುವವರನ್ನೇ ಪ್ರತಿ ಸಲ ಆರಿಸಬೇಡಿ.

ಇನ್ನು ಏನು ಬರೆಸುವುದು? 'ನನ್ನ ಶಾಲೆ' ಅಂತ ವಿಷಯ ಕೊಟ್ಟರೆ ಎಲ್ಲರದೂ ಒಂದೇ ಥರ ಬರುತ್ತದೆ. ಬದಲಿಗೆ ಕೇಳಿ: ಎಳ್ಳಮಾಸೆಗೆ ಹೊಲದಲ್ಲಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲೋಕೆ ಯಾರ ಜೊತೆ ಹೋಗಿದ್ದೆ? ಗವಿಮಠದ ಜಾತ್ರೆಯಲ್ಲಿ ಏನು ತಿಂದೆ? ಕಿನ್ನಾಳದ ಗೊಂಬೆ ಮಾಡುವುದನ್ನು ನೋಡಿದ್ದೀಯಾ? ಕಾಲುವೆಗೆ ನೀರು ಬಂದಾಗ ನಿಮ್ಮ ಹೊಲದಲ್ಲಿ ಏನು ನಡೆಯಿತು? ಬರೆಯಲು ಬಾರದ ನಲಿಕಲಿ (1ರಿಂದ 3ನೇ ತರಗತಿ) ಮಕ್ಕಳು ಚಿತ್ರ ಬಿಡಿಸಲಿ. ಅವರು ಹೇಳಿದ್ದನ್ನು ದೊಡ್ಡ ಮಕ್ಕಳು ಕೆಳಗೆ ಬರೆದುಕೊಡಲಿ.

ತಿದ್ದುವಾಗ ಜಾಸ್ತಿ ಹುಷಾರಾಗಿರಬೇಕು. ಒಬ್ಬ ಹುಡುಗ 'ನಮ್ಮ ಎಮ್ಮಿ ನಿನ್ನಿ ರಾತ್ರಿ ಈದೈತಿ' ಅಂತ ಬರೆದಿದ್ದ. ನಾನು ಕೆಂಪು ಪೆನ್ನು ಹಿಡಿದು ಎಲ್ಲ ಬದಲಿಸಿದೆ. ಮುಂದಿನ ಸಂಚಿಕೆಗೆ ಅವನು ಏನೂ ಕೊಡಲಿಲ್ಲ. ಅದು ನನ್ನದೇ ತಪ್ಪು. ಈಗ ಮಗುವಿನ ಪಕ್ಕ ಕೂತು, ಅದರಿಂದಲೇ ಗಟ್ಟಿಯಾಗಿ ಓದಿಸುತ್ತೇನೆ. ಬಿಟ್ಟುಹೋದ ಒತ್ತಕ್ಷರ, ದೀರ್ಘ ಅದಕ್ಕೇ ಸಿಗುತ್ತವೆ. ಮನೆಮಾತು ಹಾಗೇ ಉಳಿಯುತ್ತದೆ. ಪಠ್ಯದ ಕನ್ನಡದಲ್ಲಿ ಅದನ್ನೇ ಹೇಗೆ ಹೇಳುತ್ತಾರೆ ಎಂಬುದನ್ನು ತರಗತಿಯಲ್ಲಿ ಬೇರೆಯಾಗಿ ಮಾತಾಡುತ್ತೇವೆ.

ಹಾಳೆಯ ಕೆಳಗೆ ಒಂದು ಗೇಣು ಖಾಲಿ ಬಿಡಿ. ಪಕ್ಕದಲ್ಲಿ ದಾರ ಕಟ್ಟಿ ಪೆನ್ಸಿಲ್ ತೂಗಿಬಿಡಿ. ಓದಿದವರು ಅಲ್ಲಿ ಬರೆಯಲಿ. ಸುಮ್ನೆ 'ಚೆನ್ನಾಗಿದೆ' ಅಂದ್ರೆ ಸಾಲದು, ಒಂದು ಪ್ರಶ್ನೆ ಕೇಳಬೇಕು ಅಂತ ನಿಯಮ ಮಾಡಿ. ಎಮ್ಮೆ ಈದದ್ದನ್ನು ಓದಿ 'ಕರಕ್ಕ ಏನು ಹೆಸರಿಟ್ಟೆ?' ಅಂತ ಗೆಳತಿ ಕೇಳಿದರೆ ಮಗು ಉತ್ತರ ಬರೆಯದೇ ಇರುತ್ತದಾ?

ಹಳೇ ಹಾಳೆ ರದ್ದಿಗೆ ಹಾಕಬೇಡಿ. ದಿನಾಂಕ ಬರೆದು, ದಬ್ಬಣದಿಂದ ಹೊಲಿದು ಓದುವ ಮೂಲೆಯಲ್ಲಿಡಿ. ಮುಂದಿನ ವರ್ಷದ ಮಕ್ಕಳು ಅದರಲ್ಲಿ ತಮ್ಮ ಅಕ್ಕ, ಅಣ್ಣನ ಹೆಸರು ಹುಡುಕುತ್ತಾರೆ.